ಮೊಗದ ಮೇಲಿನ ರೂಪಕ: ಭಾವಚಿತ್ರದಲ್ಲಿ ಬಿಂಬಪ್ರಕ್ಷೇಪ

ಅಲಂಕಾರಶಾಸ್ತ್ರದ ಪಾಠದಲ್ಲಿ ರೂಪಕದ ಲಕ್ಷಣವನ್ನು ಹೇಳುವಾಗ ‘ಆರೋಪ’ ಎಂಬ ಪಾರಿಭಾಷಿಕ ಪದ ಬರುತ್ತದೆ. ಒಂದು ವಸ್ತುವಿನ ಮೇಲೆ ಮತ್ತೊಂದರ ರೂಪವನ್ನು ಏರಿಸುವುದೇ ಆರೋಪ. ಮುಖದ ಮೇಲೆ ಕಮಲದ ರೂಪವನ್ನು ಏರಿಸಿದಾಗ ‘ಮುಖಕಮಲ’ ಎಂಬ ರೂಪಕ ಸಿದ್ಧವಾಗುತ್ತದೆ. ಈ ಲಕ್ಷಣವನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡಿರುತ್ತಾರೆ. ಆದರೆ ಹೀಗೆ ಏರಿಸಿದಾಗ ಕೆಳಗಿರುವ ವಸ್ತುವಿಗೆ ಏನಾಗುತ್ತದೆ, ಮೇಲೆ ಬಂದ ರೂಪಕ್ಕೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಾಣುವ ಅವಕಾಶ ವಿರಳ. ಅಂಥ ಅವಕಾಶವನ್ನು ಒದಗಿಸುವ ಒಂದು ವಿಧಾನ ಛಾಯಾಚಿತ್ರಗ್ರಾಹಕರ ಸ್ಟುಡಿಯೋದಲ್ಲಿದೆ. ಕತ್ತಲೆಯ ಕೋಣೆಯಲ್ಲಿ ಒಬ್ಬರನ್ನು ಕೂರಿಸಿ, ಅವರ ಮುಖ ಮೈಗಳ ಮೇಲೆ ಪ್ರೊಜೆಕ್ಟರಿನಿಂದ ಒಂದು ಚಿತ್ರವನ್ನು ಬೀಳಿಸಿ, ಆ ಎರಡರ ಕೂಟವನ್ನು ಭಾವಚಿತ್ರವಾಗಿ ಸೆರೆಹಿಡಿಯುವುದೇ ಆ ವಿಧಾನ. ಇದರ ಪೂರ್ವೇತಿಹಾಸವೇನು, ಇದು ಹೇಗೆ ನಡೆಯುತ್ತದೆ, ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವವರಿಗೆ ಇದರಿಂದ ಏನು ದೊರೆಯುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮಾತುಗಳ ಹಿನ್ನೆಲೆ

ಮೊದಲು ಪದಗಳನ್ನು ನೋಡೋಣ. ಫೋಟೋಗ್ರಫಿ ಎಂಬ ಗ್ರೀಕ್ ಮೂಲದ ಮಾತಿಗೆ ಬೆಳಕಿನ ಬರೆಹ ಎಂದರ್ಥ. ಕನ್ನಡವೂ ಮರಾಠಿಯೂ ಅದನ್ನು ‘ಛಾಯಾಚಿತ್ರ’ ಎಂದು ಕರೆದವು. ಅಲ್ಲಿ ಬೆಳಕು ಪ್ರಧಾನವಾದರೆ ಇಲ್ಲಿ ನೆರಳು ಪ್ರಧಾನ. ಮರಾಠಿಯಲ್ಲಿ ‘ಪ್ರಕಾಶಚಿತ್ರ’ ಎಂಬ ಮಾತೂ ಬಳಕೆಯಲ್ಲಿದೆ. ಆದರೆ ಸಂಸ್ಕೃತದಲ್ಲಿ ಛಾಯೆ ಎಂದರೆ ನೆರಳು ಮಾತ್ರವಲ್ಲ. ಕಾಂತಿ, ಬಣ್ಣದ ಹೊಳಪು, ಪ್ರತಿಬಿಂಬ ಎಂಬ ಅರ್ಥಗಳೂ ಅದಕ್ಕಿವೆ. ಪ್ರಾಕೃತ ವಾಕ್ಯಕ್ಕೆ ಕೊಡುವ ಸಂಸ್ಕೃತ ರೂಪವನ್ನೂ ಛಾಯೆಯೆಂದೇ ಕರೆಯುತ್ತೇವೆ. ಹಳಗನ್ನಡದ ‘ಪಡಿನೆೞಲ್’ ಎಂಬ ಪದವೂ ಪ್ರತಿಬಿಂಬವನ್ನು ನೆರಳಿನ ಒಂದು ಬಗೆಯೆಂದೇ ಗ್ರಹಿಸುತ್ತದೆ.

‘ಪ್ರಕ್ಷೇಪ’ ಎಂದರೆ ಮುಂದಕ್ಕೆ ಎಸೆಯುವುದು. ಪ್ರೊಜೆಕ್ಟರಿಗೆ ಪ್ರಕ್ಷೇಪಕ ಎಂಬ ಹೆಸರು ಬಂದದ್ದು ಈ ಅರ್ಥದಿಂದ. ಗ್ರಂಥಸಂಪಾದನೆಯ ಪಾಠದಲ್ಲಿ ಬರುವ ‘ಪ್ರಕ್ಷಿಪ್ತ’ ಎಂಬ ಪದವೂ ಇದೇ ಧಾತುವಿನಿಂದ ಹುಟ್ಟಿದ್ದು. ಕವಿ ಬರೆಯದ ಪದ್ಯವನ್ನು ಲಿಪಿಕಾರನೊಬ್ಬ ಕೃತಿಯೊಳಕ್ಕೆ ಸೇರಿಸಿದರೆ ಅದು ಪ್ರಕ್ಷಿಪ್ತ. ಇನ್ನು ‘ಆರೋಪ’ ಎಂಬ ಮಾತಿಗೆ ಅಲಂಕಾರಶಾಸ್ತ್ರದಲ್ಲಿ ಒಂದು ಅರ್ಥವಿದ್ದರೆ ನ್ಯಾಯಾಲಯದಲ್ಲಿ ಬೇರೊಂದು ಅರ್ಥವಿದೆ. ಒಬ್ಬರ ಮೇಲೆ ಚಿತ್ರವನ್ನು ಬೀಳಿಸುವ ಕೆಲಸಕ್ಕೆ ಈ ಎಲ್ಲ ಅರ್ಥಗಳೂ ಸಲ್ಲುತ್ತವೆ. ಬಿದ್ದ ಚಿತ್ರವು ಆ ವ್ಯಕ್ತಿಯನ್ನು ಬೆಳಗುವ ರೂಪಕವಾಗಬಹುದು, ಅವರಿಗೆ ಸಂಬಂಧವಿಲ್ಲದ ಪ್ರಕ್ಷಿಪ್ತವಾಗಬಹುದು, ಅವರ ಮೇಲೆ ಹೊರಿಸಿದ ಆರೋಪವೂ ಆಗಬಹುದು. ಈ ಮೂರರಲ್ಲಿ ಯಾವುದಾಗುತ್ತದೆ ಎಂಬುದು ಯಂತ್ರವನ್ನು ಅವಲಂಬಿಸಿಲ್ಲ. ಚಿತ್ರವನ್ನು ಆರಿಸಿದವರು ಯಾರು, ಅದರಡಿಯಲ್ಲಿ ಮುಖಕ್ಕೆ ಎಷ್ಟು ಜಾಗ ಉಳಿಯಿತು ಎಂಬುದನ್ನು ಅವಲಂಬಿಸಿದೆ.

ತೊಗಲುಗೊಂಬೆಯಿಂದ ಪ್ರೊಜೆಕ್ಟರಿನವರೆಗೆ

ಚಿತ್ರದ ಮೂಲಕ ಬೆಳಕನ್ನು ಹಾಯಿಸಿ ಪರದೆಯ ಮೇಲೆ ಕಥೆ ಹೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಬಳ್ಳಾರಿ, ಅನಂತಪುರ ಕಡೆಯ ತೊಗಲುಗೊಂಬೆಯಾಟದಲ್ಲಿ ಹದಮಾಡಿದ ತೊಗಲು ಅರೆಪಾರದರ್ಶಕವಾಗಿರುತ್ತದೆ. ಅದಕ್ಕೆ ಹಚ್ಚಿದ ಬಣ್ಣ ಹಿಂದಿನ ದೀಪದ ಬೆಳಕಿನಲ್ಲಿ ಬಿಳಿಯ ಪರದೆಯ ಮೇಲೆ ಮೂಡುತ್ತದೆ. ಆದುದರಿಂದ ಅದು ಬರಿಯ ಕಪ್ಪು ನೆರಳಿನ ಆಟವಲ್ಲ, ಬಣ್ಣದ ನೆರಳಿನ ಆಟ. ಈ ಕಲೆಯನ್ನು ಪರಂಪರೆಯಿಂದ ನಡೆಸಿಕೊಂಡು ಬಂದ ಕಿಳ್ಳೇಕ್ಯಾತರಲ್ಲಿ ಅನೇಕರ ಮನೆಮಾತು ಮರಾಠಿಯ ಒಂದು ಬಗೆ. ಆಟದ ಮಾತು ಕನ್ನಡ. ಮರಾಠಿ ಕನ್ನಡಗಳೆರಡರಲ್ಲೂ ಶಾಲೆ ಕಲಿತ ನನಗೆ ಈ ಸಂಗತಿ ಯಾವಾಗಲೂ ಆಪ್ತವಾಗಿ ಕಂಡಿದೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಪುರಾಣದ ಕಥೆಗಳ ಜೊತೆಗೆ ಗಾಂಧೀಜಿಯವರ ಬದುಕನ್ನೂ ಇದೇ ಪರದೆಗೆ ತಂದರು.

ಯುರೋಪಿನಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1659ರ ಹೊತ್ತಿಗೆ ಮಾಯಾದೀಪವನ್ನು ರೂಪಿಸಿದನು. ಗಾಜಿನ ಮೇಲೆ ಬರೆದ ಚಿತ್ರ, ಅದರ ಹಿಂದೆ ದೀಪ, ಮುಂದೆ ಮಸೂರ. ಇಷ್ಟರಿಂದ ಅಂಗೈಯಗಲದ ಚಿತ್ರ ಗೋಡೆಯಗಲವಾಯಿತು. ಮಹಾರಾಷ್ಟ್ರದ ಕಲ್ಯಾಣದಲ್ಲಿ ಮಹಾದೇವ ಗೋಪಾಳ ಪಟವರ್ಧನರು 1892ರಲ್ಲಿ ಇಂಥ ದೀಪಗಳಿಂದ ಪ್ರದರ್ಶನ ಆರಂಭಿಸಿ ಅದನ್ನು ‘ಶಾಂಬರಿಕ ಖರೋಲಿಕಾ’ ಎಂದು ಕರೆದರು. ಶಂಬರಾಸುರನ ಮಾಯೆಗೆ ಶಾಂಬರೀ ವಿದ್ಯೆ ಎಂಬ ಹೆಸರಿದೆ. ಆ ನೆನಪು ಈ ಹೆಸರಿನಲ್ಲಿದೆ. ಗಾಜಿನ ಮೇಲೆ ಕೈಯಿಂದ ಬರೆದ ಚಿತ್ರಗಳ ಮೂಲಕ ಅವರ ಮನೆತನದವರು ಪುರಾಣಕಥೆಗಳನ್ನು ಊರೂರಿಗೆ ಒಯ್ದರು.

ಈ ಎಲ್ಲ ಆಟಗಳಲ್ಲೂ ಚಿತ್ರ ಬೀಳುವ ಜಾಗ ಸಪಾಟಾದ ಬಿಳಿಯ ಬಟ್ಟೆ. ಆ ಬಟ್ಟೆಗೆ ತನ್ನದೆಂಬ ರೂಪವಿಲ್ಲ. ಬಂದದ್ದನ್ನು ಬಂದ ಹಾಗೆ ತೋರಿಸುವುದಷ್ಟೇ ಅದರ ಕೆಲಸ. ಇತ್ತ ಭಾವಚಿತ್ರದ ಸ್ಟುಡಿಯೋದಲ್ಲಿ ಚಿತ್ರಕ್ಕೂ ಮನುಷ್ಯನಿಗೂ ಇದ್ದ ಸಂಬಂಧ ಬೇರೆ ಬಗೆಯದು. ಅಲ್ಲಿ ಬಣ್ಣ ಬರೆದ ಪರದೆ ಕುಳಿತವರ ಬೆನ್ನ ಹಿಂದೆ ತೂಗುತ್ತಿತ್ತು. ಅರಮನೆಯ ಕಂಬ, ಮೆಟ್ಟಿಲು, ಹೂದೋಟ, ಸರೋವರಗಳನ್ನು ಬರೆದ ಆ ಪರದೆ ಹತ್ತಿ ಬೆಳೆಯುವ ರೈತನನ್ನೂ ಒಂದು ಗಳಿಗೆ ಅರಮನೆಯ ಮುಂದೆ ನಿಲ್ಲಿಸುತ್ತಿತ್ತು. ಅದು ಅವನ ಪಕ್ಕದಲ್ಲಿತ್ತೇ ಹೊರತು ಅವನ ಮೈಮೇಲೆ ಬರುತ್ತಿರಲಿಲ್ಲ.

ಚಿತ್ರವನ್ನು ಮೈಮೇಲೆಯೇ ಬೀಳಿಸುವ ವಿಧಾನ ಲೋಕದ ಕಣ್ಣಿಗೆ ಬಿದ್ದದ್ದು ಬಹುಮಟ್ಟಿಗೆ ಸಿನಿಮಾದ ಶೀರ್ಷಿಕೆಗಳಿಂದ. 1963ರ ‘ಫ್ರಮ್ ರಷ್ಯಾ ವಿತ್ ಲವ್’ ಚಿತ್ರಕ್ಕಾಗಿ ವಿನ್ಯಾಸಕಾರ ರಾಬರ್ಟ್ ಬ್ರೌನ್‌ಜಾನ್ ಕಲಾವಿದರ ಹೆಸರುಗಳ ಅಕ್ಷರಗಳನ್ನು ನರ್ತಿಸುವ ಮೈಯ ಮೇಲೆ ಬೀಳಿಸಿದನು. ಮರುವರ್ಷ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಚಿನ್ನದ ಬಣ್ಣ ಬಳಿದ ದೇಹದ ಮೇಲೆ ಚಲನಚಿತ್ರದ ದೃಶ್ಯಗಳನ್ನೇ ಹರಿಸಿದನು. ಸ್ಲೈಡ್ ಪ್ರೊಜೆಕ್ಟರ್ ಬಳಕೆಗೆ ಬಂದಮೇಲೆ ಸ್ಥಿರಚಿತ್ರಗ್ರಾಹಕರಿಗೂ ಈ ಕೆಲಸ ಸುಲಭವಾಯಿತು. ಇಂದು ತರಗತಿಯ ಗೋಡೆಗೆ ಪಾಠ ತೋರಿಸುವ ಪ್ರೊಜೆಕ್ಟರೇ ಇದಕ್ಕೆ ಸಾಕು.

ಬೆಳಕಿನ ವ್ಯಾಕರಣ

ಈ ವಿಧಾನದ ಮೊದಲ ಸೂತ್ರವನ್ನು ಹೀಗೆ ಹೇಳಬಹುದು: ಪ್ರೊಜೆಕ್ಟರ್ ಕಪ್ಪನ್ನು ಎಸೆಯಲಾರದು. ಅದು ಎಸೆಯುವುದು ಬೆಳಕನ್ನು ಮಾತ್ರ. ಚಿತ್ರದಲ್ಲಿ ಕಪ್ಪಿರುವ ಕಡೆ ಬೆಳಕು ಬೀಳುವುದಿಲ್ಲ. ಬೆಳಕು ಬೀಳದ ಕಡೆ ಮುಖ ಕಾಣುವುದಿಲ್ಲ. ಹೀಗಾಗಿ ಕತ್ತಲೆಯ ಕೋಣೆಯಲ್ಲಿ ಮೈಮೇಲಿನ ಚಿತ್ರವೇ ಮೈಗೆ ದೀಪವೂ ಆಗುತ್ತದೆ. ಕೋಣೆಯಲ್ಲಿ ಬೇರೆ ಬೆಳಕಿದ್ದರೆ ಚಿತ್ರದ ಕಪ್ಪು ಭಾಗಗಳೆಲ್ಲ ಬೂದಿಬಣ್ಣಕ್ಕೆ ತಿರುಗಿ ಚಿತ್ರ ಪೇಲವವಾಗುತ್ತದೆ. ಕಿಟಕಿಗೆ ದಪ್ಪ ಬಟ್ಟೆ ಕಟ್ಟುವುದು, ಕ್ಯಾಮೆರಾದ ಫ್ಲ್ಯಾಷನ್ನು ಆರಿಸುವುದು ಇದಕ್ಕಾಗಿಯೇ.

ಎರಡನೆಯದು ದೂರದ ನಿಯಮ. ಪ್ರೊಜೆಕ್ಟರನ್ನು ಆರು ಅಡಿಯಿಂದ ಹನ್ನೆರಡು ಅಡಿಗೆ ಸರಿಸಿದರೆ ಚಿತ್ರದ ಉದ್ದಗಲಗಳು ಇಮ್ಮಡಿಯಾಗಿ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಇದ್ದ ಬೆಳಕೇ ನಾಲ್ಕು ಪಟ್ಟು ಜಾಗಕ್ಕೆ ಹರಡುವುದರಿಂದ ಕಾಂತಿ ಕಾಲು ಭಾಗಕ್ಕೆ ಇಳಿಯುತ್ತದೆ. ಮುಖ ಮಾತ್ರ ಬೇಕಾದಾಗ ಪ್ರೊಜೆಕ್ಟರನ್ನು ಹತ್ತಿರ ತರಬೇಕು. ನಿಂತ ಆಳೆತ್ತರದ ಚಿತ್ರ ಬೇಕಾದಾಗ ಬೆಳಕಿನ ಕೊರತೆಯನ್ನು ಕ್ಯಾಮೆರಾದಲ್ಲಿ ತುಂಬಿಕೊಳ್ಳಬೇಕು.

ಮೂರನೆಯದು ಚರ್ಮದ ಬಣ್ಣ. ಬಿದ್ದ ಬೆಳಕಿನಲ್ಲಿ ಚರ್ಮ ಹಿಂದಿರುಗಿಸಿದಷ್ಟು ಮಾತ್ರ ಕ್ಯಾಮೆರಾಗೆ ತಲುಪುತ್ತದೆ. ಮನುಷ್ಯನ ಚರ್ಮ ಕೆಂಪನ್ನು ಹೆಚ್ಚಾಗಿಯೂ ನೀಲಿಯನ್ನು ಕಡಮೆಯಾಗಿಯೂ ಹಿಂದಿರುಗಿಸುತ್ತದೆ. ನಮ್ಮ ಕಂದು ಮೈಬಣ್ಣದಲ್ಲಿ ಈ ಅಂತರ ಎದ್ದು ಕಾಣುತ್ತದೆ. ಆದುದರಿಂದ ಕುಂಕುಮ, ಕಾವಿ, ಅರಿಸಿನ ಬಣ್ಣಗಳ ಚಿತ್ರ ನಮ್ಮ ಮುಖದ ಮೇಲೆ ತುಂಬಿ ನಿಲ್ಲುತ್ತದೆ. ನೀಲಿ, ನೇರಳೆಗಳು ಮಂಕಾಗುತ್ತವೆ. ನೀಲಿಯೇ ಬೇಕಾದರೆ ಅದನ್ನು ಮೊದಲೇ ತಿಳಿಗೊಳಿಸಿಕೊಳ್ಳಬೇಕು. ಬಿಳಿಯ ಹತ್ತಿ ಬಟ್ಟೆ ಎಲ್ಲ ಬಣ್ಣಗಳನ್ನೂ ಹಿಂದಿರುಗಿಸುತ್ತದೆ, ಕಪ್ಪು ಬಟ್ಟೆಯೂ ಕರಿಗೂದಲೂ ಚಿತ್ರವನ್ನು ನುಂಗುತ್ತವೆ. ಚಿತ್ರಕ್ಕೆ ಕೂರುವವರು ಏನನ್ನು ಉಡಬೇಕೆಂಬುದು ಈ ಕಾರಣದಿಂದ ಮೊದಲೇ ಯೋಚಿಸಬೇಕಾದ ವಿಷಯ.

ನಾಲ್ಕನೆಯದು ನೋಡುವ ಜಾಗ. ಪ್ರೊಜೆಕ್ಟರಿನ ಮಸೂರವಿರುವ ಜಾಗದಲ್ಲೇ ನಮ್ಮ ಕಣ್ಣಿದ್ದರೆ, ಮುಖದ ಉಬ್ಬುತಗ್ಗುಗಳು ಎಷ್ಟೇ ಇದ್ದರೂ ಮೇಲಿನ ಚಿತ್ರ ಸೊಟ್ಟಗೆ ಕಾಣುವುದಿಲ್ಲ. ಮೈಯ ನೆರಳೂ ಮೈಯ ಹಿಂದೆಯೇ ಅಡಗಿಬಿಡುತ್ತದೆ. ಸ್ಟ್ಯಾನ್ಲಿ ಕುಬ್ರಿಕ್ 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದಲ್ಲಿ ಈ ನಿಯಮವನ್ನೇ ಬಳಸಿಕೊಂಡನು. ನಲವತ್ತೈದು ಡಿಗ್ರಿ ಓರೆಯಲ್ಲಿ ನಿಲ್ಲಿಸಿದ ಅರೆಗನ್ನಡಿಯ ಮೂಲಕ ಕ್ಯಾಮೆರಾ ಮತ್ತು ಪ್ರೊಜೆಕ್ಟರುಗಳ ದೃಷ್ಟಿ ಒಂದೇ ಗೆರೆಗೆ ಬಂದಿತು. ಹಿಂದಿನ ಪರದೆಯಲ್ಲಿ ಬಂದ ಬೆಳಕನ್ನು ಬಂದ ದಾರಿಯಲ್ಲೇ ತಿರುಗಿಸುವ ಗಾಜಿನ ಸೂಕ್ಷ್ಮ ಮಣಿಗಳಿದ್ದವು. ನಟರ ಮೈಮೇಲೂ ಚಿತ್ರ ಬೀಳುತ್ತಿತ್ತು. ಆದರೆ ಪರದೆಯ ಹೊಳಪಿನ ಮುಂದೆ ಅದು ಲೆಕ್ಕಕ್ಕೆ ಬರದಷ್ಟು ಮಂದವಾಗಿತ್ತು. ಅಲ್ಲಿ ಮೈಮೇಲಿನ ಚಿತ್ರವನ್ನು ಮರೆಸುವುದೇ ಕೌಶಲ. ನಮ್ಮ ಉದ್ದೇಶ ಅದಕ್ಕೆ ವಿರುದ್ಧ. ಕ್ಯಾಮೆರಾವನ್ನು ಪ್ರೊಜೆಕ್ಟರಿನಿಂದ ಎರಡು ಮೂರು ಅಡಿ ಪಕ್ಕಕ್ಕೆ ಸರಿಸಿದೊಡನೆ ಚಿತ್ರದಲ್ಲಿನ ನೇರ ಗೆರೆಗಳು ಕೆನ್ನೆಯ ಮೇಲೆ ಬಾಗುತ್ತವೆ, ಮೂಗಿನ ಬದಿಯಲ್ಲಿ ಮುರಿಯುತ್ತವೆ. ಆ ಬಾಗುವಿಕೆಯೇ ಮುಖದ ರೂಪವನ್ನು ಹೇಳುತ್ತದೆ. ಭೂಪಟದ ಪ್ರಕ್ಷೇಪದಲ್ಲಿ ದುಂಡಗಿನ ಭೂಮಿ ಸಪಾಟಾದ ಹಾಳೆಗೆ ಇಳಿಯುತ್ತದೆ. ಇಲ್ಲಿ ಸಪಾಟಾದ ಚಿತ್ರ ದುಂಡಗಿನ ಮುಖಕ್ಕೆ ಏರುತ್ತದೆ. ಎರಡು ಕಡೆಯೂ ಏನನ್ನಾದರೂ ಕಳೆದುಕೊಳ್ಳದೆ ದಾಟು ಸಾಧ್ಯವಿಲ್ಲ.

ಕೊನೆಯದು ಸಮಯ. ಸಾಮಾನ್ಯ ಡಿಎಲ್‌ಪಿ ಪ್ರೊಜೆಕ್ಟರುಗಳಲ್ಲಿ ಕೆಂಪು, ಹಸಿರು, ನೀಲಿ ಬೆಳಕುಗಳು ಒಟ್ಟಿಗೆ ಬೀಳುವುದಿಲ್ಲ. ಅತಿ ವೇಗವಾಗಿ ಒಂದಾದಮೇಲೊಂದು ಬೀಳುತ್ತವೆ. ಕಣ್ಣು ಅವನ್ನು ಬೆರೆಸಿಕೊಳ್ಳುತ್ತದೆ. ಶಟರಿನ ವೇಗ ಹೆಚ್ಚಾದರೆ ಕ್ಯಾಮೆರಾಗೆ ಹಾಗೆ ಬೆರೆಸಿಕೊಳ್ಳಲು ಸಮಯ ಸಿಗದೆ ಮುಖದ ಮೇಲೆ ಬಣ್ಣದ ಪಟ್ಟೆಗಳು ಮೂಡುತ್ತವೆ. ಸೆಕೆಂಡಿನ 1/60 ಅಥವಾ 1/30 ಭಾಗದಷ್ಟು ನಿಧಾನದ ಶಟರ್ ಇದಕ್ಕೆ ಪರಿಹಾರ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿರಬೇಕು. ಕುಳಿತವರು ಒಂದು ಕ್ಷಣ ಅಲುಗದಿರಬೇಕು.

ಉಪಮೆ, ರೂಪಕ, ಅತಿಶಯೋಕ್ತಿ

ಈಗ ಅಲಂಕಾರದ ಪಾಠಕ್ಕೆ ಹಿಂದಿರುಗಬಹುದು. ಕವಿರಾಜಮಾರ್ಗದ ಮೂರನೆಯ ಪರಿಚ್ಛೇದ ಅರ್ಥಾಲಂಕಾರಗಳಿಗೆ ಮೀಸಲಾಗಿದೆ. ಅಲ್ಲಿ ದಂಡಿಯ ಕಾವ್ಯಾದರ್ಶದ ದಾರಿ ಸ್ಪಷ್ಟವಾಗಿ ಕಾಣುತ್ತದೆ. ದಂಡಿಯ ದೃಷ್ಟಿಯಲ್ಲಿ ಉಪಮಾನ ಉಪಮೇಯಗಳ ನಡುವಣ ಭೇದ ಮರೆಯಾದ ಉಪಮೆಯೇ ರೂಪಕ. ಭೇದ ಮರೆಯಾಗಿದೆ, ಆದರೆ ಎರಡು ವಸ್ತುಗಳೂ ಉಳಿದಿವೆ ಎಂಬುದನ್ನು ಗಮನಿಸಬೇಕು. ‘ಮುಖಕಮಲ’ ಎಂದಾಗ ಮುಖವೂ ಇದೆ, ಕಮಲವೂ ಇದೆ. ಉಪಮೇಯವನ್ನು ಹೇಳದೆ ಕಮಲವೊಂದನ್ನೇ ಹೇಳಿ ಮುಖವನ್ನು ಸೂಚಿಸಿದರೆ ಅದು ರೂಪಕವಲ್ಲ. ಉಪಮಾನ ಉಪಮೇಯವನ್ನು ನುಂಗಿದ ಅತಿಶಯೋಕ್ತಿ. ಆಲಂಕಾರಿಕರು ಇದನ್ನು ‘ನಿಗರಣ’ ಎನ್ನುತ್ತಾರೆ. ನಿಗರಣ ಎಂದರೆ ನುಂಗುವುದು.

ಬಣ್ಣದ ಪರದೆಯ ಮುಂದೆ ಕುಳಿತವರ ಚಿತ್ರ ಉಪಮೆಯ ಹಾಗೆ. ಅಲ್ಲಿ ಮನುಷ್ಯನೂ ಹೂದೋಟವೂ ಅಕ್ಕಪಕ್ಕದಲ್ಲಿವೆ. ನಡುವೆ ‘ಅಂತೆ’ ಎಂಬ ವಾಚಕಪದವಿದೆ ಎಂದುಕೊಳ್ಳಬಹುದು. ಹೂದೋಟವನ್ನು ಅದೇ ಮನುಷ್ಯನ ಮುಖದ ಮೇಲೆ ಬೀಳಿಸಿದಾಗ ವಾಚಕಪದ ಲೋಪವಾಗಿ ಆರೋಪ ನಡೆಯುತ್ತದೆ. ಹೂವಿನ ಎಸಳು ಕೆನ್ನೆಯ ತಿರುವನ್ನು ಪಡೆಯುತ್ತದೆ, ಕೆನ್ನೆ ಎಸಳಿನ ಬಣ್ಣವನ್ನು ಪಡೆಯುತ್ತದೆ. ಎರಡೂ ಒಂದನ್ನೊಂದು ತಿದ್ದಿಕೊಂಡು ಎರಡೂ ಉಳಿಯುತ್ತವೆ. ಚಿತ್ರದ ಸಡಗರ ಹೆಚ್ಚಾಗಿ ಕಣ್ಣು, ತುಟಿ, ಗಲ್ಲಗಳು ಗುರುತು ಸಿಗದಂತಾದರೆ ನಿಗರಣವಾಗುತ್ತದೆ. ಕಾವ್ಯದಲ್ಲಿ ಅದು ಒಂದು ಅಲಂಕಾರ. ಓದುಗನು ಕಮಲದ ಹಿಂದಿನ ಮುಖವನ್ನು ಊಹಿಸಬಲ್ಲನು. ಭಾವಚಿತ್ರದಲ್ಲಿ ಮಾತ್ರ ಅದು ದೋಷಕ್ಕೆ ಹತ್ತಿರ. ಮುಂದೆ ಕುಳಿತವರು ಇಂಥವರೇ ಎಂಬ ಗುರುತಿಲ್ಲದೆ ಭಾವಚಿತ್ರವಿಲ್ಲ.

ಈ ವಿವೇಚನೆಯಿಂದ ಕೆಲಸಕ್ಕೆ ಬೇಕಾದ ಒಂದು ಪರೀಕ್ಷೆ ದೊರೆಯುತ್ತದೆ. ಚಿತ್ರ ತೆಗೆದಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಆ ವ್ಯಕ್ತಿಯನ್ನು ಬಲ್ಲವರಿಗೆ ಗುರುತು ಸಿಗುತ್ತದೆಯೆ? ಆ ಚಿತ್ರವನ್ನು ಬಲ್ಲವರಿಗೆ ಅದು ಏನೆಂದು ತಿಳಿಯುತ್ತದೆಯೆ? ಎರಡಕ್ಕೂ ಹೌದೆಂದಾದರೆ ರೂಪಕ ಸಿದ್ಧಿಸಿತು. ಕಣ್ಣುಗಳಿರುವ ಭಾಗದಲ್ಲಿ ಚಿತ್ರ ಸರಳವಾಗಿದ್ದು, ಹಣೆ, ಕೆನ್ನೆ, ಕೊರಳು, ಭುಜಗಳಿಗೆ ವಿವರಗಳು ಬರುವಂತೆ ಜೋಡಿಸಿಕೊಂಡರೆ ಇದು ಸುಲಭ. ಕಪ್ಪು ಕಾಗದದ ಕೊಳವೆಯೊಳಗಿಂದ ಸಣ್ಣ ದೀಪದ ಬೆಳಕನ್ನು ಕಣ್ಣುಗಳಿಗಷ್ಟೇ ತಾಗುವಂತೆ ಬಿಡುವ ರೂಢಿಯೂ ಇದೆ.

ಅಕ್ಷರವನ್ನು ಬೀಳಿಸುವಾಗ

ನಮ್ಮ ವಿಭಾಗದವರಿಗೆ ಹೆಚ್ಚು ಹತ್ತಿರವಾದದ್ದು ಅಕ್ಷರಗಳ ಪ್ರಕ್ಷೇಪ. ಕರ್ನೂಲು ಸೀಮೆಯ ಎರ್ರಗುಡಿಯಲ್ಲಿ ಅಶೋಕನ ಶಾಸನಗಳಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅಲ್ಲಿಯ ಕಿರುಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ. ಎತ್ತು ಉಳುವಾಗ ಸಾಲಿನ ತುದಿಯಲ್ಲಿ ತಿರುಗಿ ಬರುವಂತೆ. ಕಲ್ಲಿನ ಮೇಲಿನ ಇಂಥ ಬರೆಹವನ್ನು ಓದಲು ಎರಡು ದಾರಿಗಳುಂಟು. ಒಂದು, ಓರೆಯಾಗಿ ಬೆಳಕು ಬಿಟ್ಟು ಕೊರೆದ ಗೆರೆಗಳಲ್ಲಿ ನೆರಳು ಮೂಡಿಸಿ ಓದುವುದು. ಇನ್ನೊಂದು, ಒದ್ದೆಯಾದ ಕಾಗದವನ್ನು ಕಲ್ಲಿಗೆ ಒತ್ತಿ ಮಸಿ ತಟ್ಟಿ ಪಡಿಯಚ್ಚು ತೆಗೆಯುವುದು. ಪಡಿಯಚ್ಚಿನಲ್ಲಿ ನೆಲ ಕಪ್ಪಾಗಿಯೂ ಅಕ್ಷರ ಬೆಳ್ಳಗೂ ಇರುತ್ತದೆ.

ಈ ಪಡಿಯಚ್ಚಿನ ಚಿತ್ರವನ್ನು ಮುಖದ ಮೇಲೆ ಬೀಳಿಸಿದರೆ ಅಕ್ಷರಗಳು ಮಾತ್ರ ಬೆಳಗುತ್ತವೆ. ಮುಖವು ಅಕ್ಷರಗಳ ಒಳಗಿನಿಂದಷ್ಟೇ ಕಾಣುತ್ತದೆ. ಅಕ್ಷರವಿಲ್ಲದ ಕಡೆ ಕತ್ತಲೆ. ಅದೇ ಚಿತ್ರದ ಕಪ್ಪು ಬಿಳುಪುಗಳನ್ನು ಅದಲುಬದಲು ಮಾಡಿದರೆ ಮುಖವೆಲ್ಲ ಬೆಳಗಿ ಅಕ್ಷರಗಳು ಮಚ್ಚೆಗಳಂತೆ ಕಪ್ಪಾಗಿ ನಿಲ್ಲುತ್ತವೆ. ಮೊದಲನೆಯದರಲ್ಲಿ ಬರೆಹವೇ ಮನುಷ್ಯನನ್ನು ಕಾಣಿಸುತ್ತದೆ, ಎರಡನೆಯದರಲ್ಲಿ ಬರೆಹ ಮನುಷ್ಯನನ್ನು ಮುಚ್ಚುತ್ತದೆ. ಒಂದೇ ಪಾಠ, ಒಂದೇ ಮುಖ. ಅರ್ಥ ಮಾತ್ರ ಎದುರುಬದುರು. ಭಾಷೆಗೂ ಮನುಷ್ಯನಿಗೂ ಇರುವ ಸಂಬಂಧವನ್ನು ಕುರಿತು ತರಗತಿಯಲ್ಲಿ ಬಹಳ ಹೊತ್ತು ಹೇಳಬಹುದಾದದ್ದನ್ನು ಈ ಎರಡು ಚಿತ್ರಗಳು ಪಕ್ಕಪಕ್ಕದಲ್ಲಿ ನಿಂತು ಹೇಳುತ್ತವೆ.

ಲಿಪಿಯ ಸ್ವಭಾವವೂ ಇಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ದೇವನಾಗರಿಯ ಶಿರೋರೇಖೆ ನೇರವಾದದ್ದು. ಪಕ್ಕದಿಂದ ನೋಡಿದಾಗ ಅದು ಹಣೆಯ ಮೇಲೆ ಬಿಲ್ಲಿನಂತೆ ಬಾಗಿ ಹಣೆಯ ದುಂಡನ್ನು ಅಳೆದು ತೋರಿಸುತ್ತದೆ. ಕನ್ನಡದ ಅಕ್ಷರಗಳು ಸ್ವಭಾವತಃ ದುಂಡು. ಅವು ಕೆನ್ನೆಯ ಮೇಲೆ ಬಾಗಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ, ಅಲ್ಲಿಯೇ ಹುಟ್ಟಿದ ಹಾಗೆ ಹೊಂದಿಕೊಳ್ಳುತ್ತವೆ. ಆದರೆ ಸಾಲಿನ ಕೆಳಗೆ ಇಳಿಯುವ ಒತ್ತಕ್ಷರಗಳು ಮೂಗಿನ ಪಕ್ಕದ ನೆರಳಿನಲ್ಲಿ, ತುಟಿಯ ಕೆಳಗಿನ ತಗ್ಗಿನಲ್ಲಿ ಕಳೆದುಹೋಗುತ್ತವೆ. ಒತ್ತಕ್ಷರ ಹೋದರೆ ಪದದ ಅರ್ಥವೇ ಹೋದಂತೆ.

ನಮ್ಮ ಸೀಮೆಗೇ ವಿಶೇಷವಾದ ಇನ್ನೊಂದು ಸಂಗತಿಯುಂಟು. ಕನ್ನಡ ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಅನೇಕ ಅಕ್ಷರಗಳಲ್ಲಿ ಇಂದು ಉಳಿದಿರುವ ಮುಖ್ಯ ವ್ಯತ್ಯಾಸ ತಲೆಕಟ್ಟಿನದು. ಪ್ರೊಜೆಕ್ಟರಿನ ಫೋಕಸ್ ಸ್ವಲ್ಪ ಮಸುಕಾದರೆ ತಲೆಕಟ್ಟು ಮೊದಲು ಕರಗುತ್ತದೆ. ಆಗ ಮುಖದ ಮೇಲಿರುವುದು ಕನ್ನಡವೋ ತೆಲುಗೋ ಎಂದು ಹೇಳುವುದು ಕಷ್ಟ. ಆದವಾನಿಯ ಪೇಟೆಯಲ್ಲಿ ಒಂದು ಮಾತನ್ನು ಕನ್ನಡದಲ್ಲಿ ಆರಂಭಿಸಿ ತೆಲುಗಿನಲ್ಲಿ ಮುಗಿಸುವವರಿಗೆ ಈ ಮಸುಕು ಅಪರಿಚಿತವಲ್ಲ. ಫೋಕಸ್ಸನ್ನು ತೀಕ್ಷ್ಣಗೊಳಿಸಬೇಕೇ, ಮಸುಕಾಗಿಯೇ ಬಿಡಬೇಕೇ ಎಂಬುದು ಹೀಗೆ ಯಂತ್ರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ತನ್ನನ್ನು ಹೇಗೆ ಕಾಣಿಸಿಕೊಳ್ಳಬೇಕೆಂದು ಚಿತ್ರಕ್ಕೆ ಕುಳಿತವರೇ ತೀರ್ಮಾನಿಸಬೇಕಾದ ಪ್ರಶ್ನೆಯಾಗುತ್ತದೆ.

ಯಾರ ಮುಖ, ಯಾರ ಬಿಂಬ

ಮನುಷ್ಯರ ಮೇಲೆ ಅವರು ಕೇಳದ ಅರ್ಥವನ್ನು ಹೊರಿಸಿದ ಇತಿಹಾಸ ಛಾಯಾಚಿತ್ರಕ್ಕೆ ಇದೆ. ವಾಟ್ಸನ್ ಮತ್ತು ಕೇ ಸಂಪಾದಿಸಿದ ‘ದ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳ ಸಂಕಲನ 1868ರಿಂದ 1875ರ ಅವಧಿಯಲ್ಲಿ ಪ್ರಕಟವಾಯಿತು. ಅದರಲ್ಲಿ ಭಾರತದ ಜನರ ಭಾವಚಿತ್ರಗಳನ್ನು ಜಾತಿ, ಬುಡಕಟ್ಟುಗಳ ಮಾದರಿಗಳೆಂಬಂತೆ ಜೋಡಿಸಿ, ಗುಣಸ್ವಭಾವಗಳ ವಿವರಣೆ ಸೇರಿಸಲಾಗಿತ್ತು. ಕುಳಿತವರ ಮುಖ ಅವರದು. ಕೆಳಗಿನ ಬರೆಹ ಆಳುವವರದು. ಅದು ಪ್ರೊಜೆಕ್ಟರಿಲ್ಲದೆ ನಡೆದ ಪ್ರಕ್ಷೇಪ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ 2000ದಿಂದ 2004ರವರೆಗೆ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಎಂಬ ಚಿತ್ರಸರಣಿ ಇದಕ್ಕೆ ಕೊಟ್ಟ ಉತ್ತರದಂತಿದೆ. ಬರೆದ ಪರದೆಗಳ ಮುಂದೆ ತಾವೇ ವೇಷ ಧರಿಸಿ ನಿಂತು, ರವಿವರ್ಮನ ದೇವಿಯಿಂದ ಹಿಡಿದು ವಸಾಹತು ಕಾಲದ ‘ಮಾದರಿ’ ಸ್ತ್ರೀಯವರೆಗೆ ಹಲವು ಬಿಂಬಗಳನ್ನು ಅವರು ತಮ್ಮ ಮೇಲೆಯೇ ತಂದುಕೊಂಡರು. ಇಲ್ಲಿ ಬಿಂಬ ಹೊರಗಿನದಾದರೂ ಆಯ್ಕೆ ಕಲಾವಿದೆಯದು. ಆದುದರಿಂದ ನೋಡುವವರ ಕಣ್ಣು ವೇಷದಿಂದ ಮುಖಕ್ಕೂ ಮುಖದಿಂದ ವೇಷಕ್ಕೂ ಓಡಾಡುತ್ತದೆ; ಎರಡೂ ಉಳಿಯುತ್ತವೆ.

ನಮ್ಮ ಊರುಗಳ ಮೇಲೂ ಬಿಂಬಗಳು ಬಿದ್ದಿವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಸೇರಿತು. ಭೂಪಟದ ಮೇಲಿನ ಗೆರೆ ಸರಿಯಿತು, ಮನೆಗಳು ಇದ್ದಲ್ಲೇ ಇದ್ದವು. ಅಂದಿನಿಂದ ಈ ಸೀಮೆಯ ಕನ್ನಡಿಗರನ್ನು ಒಂದು ಕಡೆಯವರು ‘ಗಡಿಯಾಚೆಯವರು’ ಎಂದೂ ಮತ್ತೊಂದು ಕಡೆಯವರು ‘ಕನ್ನಡದವರು’ ಎಂದೂ ಗುರುತಿಸುತ್ತ ಬಂದಿದ್ದಾರೆ. ಎರಡೂ ಸುಳ್ಳಲ್ಲ, ಎರಡೂ ಪೂರ್ಣವಲ್ಲ. ಹೊರಗಿನವರು ಬೀಳಿಸಿದ ಬಿಂಬದ ಅಡಿಯಲ್ಲಿ ತನ್ನ ಮುಖ ಎಷ್ಟು ಕಾಣುತ್ತಿದೆ ಎಂಬ ಪ್ರಶ್ನೆ ಇಲ್ಲಿ ಕನ್ನಡ ಐಚ್ಛಿಕವನ್ನು ಆರಿಸಿಕೊಂಡ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ‘ಕನ್ನಡವನ್ನೇಕೆ ತೆಗೆದುಕೊಂಡೆ’ ಎಂದು ನೆಂಟರಿಷ್ಟರು ಕೇಳುವಾಗ ಎದುರಾಗುವುದು ಅದೇ ಪ್ರಶ್ನೆ.

ವಿಭಾಗದಲ್ಲಿ ಮಾಡಿ ನೋಡಲು

ಈ ಪ್ರಯೋಗಕ್ಕೆ ಸ್ಟುಡಿಯೋ ಬೇಕಿಲ್ಲ. ಕತ್ತಲಾಗಿಸಬಹುದಾದ ಒಂದು ಕೊಠಡಿ, ತರಗತಿಯ ಪ್ರೊಜೆಕ್ಟರ್, ಶಟರಿನ ವೇಗವನ್ನು ಕೈಯಾರೆ ಹೊಂದಿಸಬಹುದಾದ ಮೊಬೈಲ್ ಅಥವಾ ಕ್ಯಾಮೆರಾ ಇದ್ದರೆ ಸಾಕು. ಕುಳಿತವರ ಹಿಂದೆ ಕಪ್ಪು ಕಂಬಳಿ ಕಟ್ಟಿದರೆ ಚಿತ್ರ ಮೈಮೇಲೆ ಮಾತ್ರ ನಿಲ್ಲುತ್ತದೆ. ಬಿಳಿಯ ಗೋಡೆ ಇದ್ದರೆ ಅಲ್ಲಿಯೂ ಮುಂದುವರಿಯುತ್ತದೆ. ಆರಂಭಕ್ಕೆ ಐಎಸ್‌ಒ 800, ಶಟರ್ 1/30, ಕ್ಯಾಮೆರಾದಲ್ಲಿ ಅವಕಾಶವಿದ್ದರೆ ಅಪರ್ಚರ್ ಎಫ್ 4 ಇಟ್ಟುಕೊಂಡು, ಹಣೆಯ ಬೆಳಕು ಉರಿದು ಬೆಳ್ಳಗಾಗದಂತೆ ತಗ್ಗಿಸುತ್ತ ಹೋಗಬೇಕು. ಪ್ರೊಜೆಕ್ಟರಿನ ಫೋಕಸ್ಸನ್ನು ಹಿಂದಿನ ಗೋಡೆಗಲ್ಲ, ಕೆನ್ನೆಗೆ ಹೊಂದಿಸಬೇಕು. ಕನ್ನಡ ಬರೆಹ ತಿರುಗುಮುರುಗಾಗಿ ಬೀಳುತ್ತಿಲ್ಲವೆ ಎಂದು ಮೊದಲೇ ನೋಡಿಕೊಳ್ಳಬೇಕು.

ಕುಳಿತವರು ಪ್ರೊಜೆಕ್ಟರಿನ ಮಸೂರವನ್ನು ನೇರವಾಗಿ ದಿಟ್ಟಿಸಬಾರದು. ಆ ಬೆಳಕು ಕಣ್ಣಿಗೆ ಹಾನಿಕರ. ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿಕೊಂಡು, ಸಿದ್ಧತೆ ನಡೆಯುವಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿರಬೇಕು. ಚಿತ್ರದಲ್ಲಿಯೇ ಕಣ್ಣುಗಳ ಜಾಗಕ್ಕೆ ಕಪ್ಪು ಪಟ್ಟಿ ಬರುವಂತೆ ಮಾಡಿಕೊಂಡರೆ ಇನ್ನೂ ಕ್ಷೇಮ.

ಚಿತ್ರಗಳ ಆಯ್ಕೆಗೆ ನಮ್ಮ ಸುತ್ತಲಲ್ಲೇ ಬೇಕಾದಷ್ಟಿದೆ: ಆದವಾನಿಯ ಕೋಟೆಯ ಬಂಡೆಗಳು, ಬಿರಿದ ಹತ್ತಿಯ ಕಾಯಿ, ಎರ್ರಗುಡಿಯ ಪಡಿಯಚ್ಚು, ತೊಗಲುಗೊಂಬೆಯ ಅಂಚಿನ ತೂತುಗಳ ಸಾಲು, ಅಜ್ಜಿಯ ಕೈಬರಹದ ಒಂದು ಕಾಗದ. ಯಾವುದನ್ನು ತನ್ನ ಮೇಲೆ ಬೀಳಿಸಬೇಕೆಂಬುದನ್ನು ಚಿತ್ರಕ್ಕೆ ಕೂರುವವರೇ ಆರಿಸಬೇಕು. ಚಿತ್ರ ತೆಗೆಯುವವರು ಸಲಹೆ ಕೊಡಬಹುದು, ಅಷ್ಟೆ. ಮುಗಿದಮೇಲೆ ಅದನ್ನು ಮೊದಲು ಅವರಿಗೆ ತೋರಿಸಿ, ಒಪ್ಪಿದರೆ ಮಾತ್ರ ಭಿತ್ತಿಪತ್ರಿಕೆಯಲ್ಲಿ ಹಾಕಬೇಕು. ಪ್ರತಿ ಚಿತ್ರದ ಕೆಳಗೆ, ಈ ಬಿಂಬವನ್ನು ತಾನೇಕೆ ಆರಿಸಿದೆ ಎಂದು ಕುಳಿತವರೇ ಹತ್ತು ಸಾಲು ಕನ್ನಡದಲ್ಲಿ ಬರೆಯಲಿ. ಅದರಲ್ಲಿ ಉಪಮಾನ ಯಾವುದು, ಉಪಮೇಯ ಯಾವುದು, ಎರಡಕ್ಕೂ ಸಮಾನವಾದ ಧರ್ಮ ಯಾವುದು ಎಂಬುದು ಸ್ಪಷ್ಟವಾಗಿರಲಿ. ಆಂತರಿಕ ಮೌಲ್ಯಮಾಪನದ ರೂಪಕದ ಪ್ರಶ್ನೆಗೆ ಈ ಹತ್ತು ಸಾಲುಗಳನ್ನೇ ಉತ್ತರವೆಂದು ಸ್ವೀಕರಿಸಬಹುದು.